ಅಧಿವೇಶನಕ್ಕೆ ಮೊದಲು, ಸಂಸದರ ಅಂಗಳದಲ್ಲಿ

ಬೆಳಿಗ್ಗೆ ಏಳೂವರೆ. ಬಯಲುಸೀಮೆಯ ಒಂದು ಜಿಲ್ಲಾ ಕೇಂದ್ರ. 2024ರ ನವೆಂಬರ್ ನಡುವಿನ ಭಾನುವಾರ. 25ಕ್ಕೆ ಚಳಿಗಾಲದ ಅಧಿವೇಶನ ಶುರುವಾಗಿ ಸಂಸದರು ದೆಹಲಿ ಸೇರುತ್ತಾರೆ, ಅದಕ್ಕೇ ಈ ಅವಸರ. ಗೇಟು ದಾಟಿದರೆ ಎಡಕ್ಕೆ ಪಹಣಿ ತಿದ್ದುಪಡಿಗೆ ಬಂದ ರೈತರು, ವರ್ಗಾವಣೆ ಕೇಳಲು ಬಂದ ಮೇಷ್ಟ್ರು. ಬಲಕ್ಕೆ ಬೇವಿನ ಮರದಡಿ ಎಲ್‌ಐಸಿ ಏಜೆಂಟರು. ಬಗಲಲ್ಲಿ ರೆಕ್ಸಿನ್ ಬ್ಯಾಗು, ಜೇಬಲ್ಲಿ ಎರಡೆರಡು ಪೆನ್ನು. ನೀವು ಇವರ ಜೊತೆ ನಿಂತುಕೊಳ್ಳಿ.

ಮನವಿಪತ್ರದ ಒಂದು ಪ್ರತಿ ನಿಮ್ಮ ಕೈಗೂ ಬರುತ್ತದೆ. ಮೊದಲ ಬೇಡಿಕೆ ಕಮಿಷನ್ನಿನದು. ಅಕ್ಟೋಬರ್ 1ರಿಂದ ಮೊದಲ ವರ್ಷದ ಕಮಿಷನ್ ಶೇ. 35ರಿಂದ 28ಕ್ಕೆ ಇಳಿದಿದೆ, ರಿನ್ಯೂವಲ್ ಕಮಿಷನ್ 5ರಿಂದ 7.5ಕ್ಕೆ ಏರಿದೆ. ಸಂಬಳವಿಲ್ಲ, ಪಿಎಫ್ ಇಲ್ಲ, ಪೆಟ್ರೋಲು ಸ್ವಂತದ್ದು. ಕಳೆದ ವರ್ಷ ಸೇರಿದ ಹುಡುಗನಿಗೆ ಮನೆ ನಡೆಸಲು ಬೇಕಾಗಿರುವುದು ಈ ವರ್ಷದ ದುಡ್ಡು. ವರ್ಷಗಟ್ಟಲೆ ಕಾದು ಲೆಕ್ಕ ಸರಿದೂಗಿಸಿಕೊಳ್ಳುವ ತಾಳ್ಮೆ ಅವನ ಅಂಗಡಿ ಬಾಕಿಗಿಲ್ಲ.

ಎರಡನೆಯದು ಪ್ರೀಮಿಯಂ ಮೇಲಿನ ಜಿಎಸ್‌ಟಿ. ಟರ್ಮ್ ಪಾಲಿಸಿಗೆ ಶೇ. 18. ಮೂರನೆಯದು ಎಂಡೋಮೆಂಟ್ ಪಾಲಿಸಿಯ ಕನಿಷ್ಠ ವಿಮಾ ಮೊತ್ತ: ಒಂದು ಲಕ್ಷವಿದ್ದದ್ದು ಎರಡು ಲಕ್ಷವಾಗಿದೆ, ಸೇರುವ ಗರಿಷ್ಠ ವಯಸ್ಸು 55ರಿಂದ 50ಕ್ಕೆ ಇಳಿದಿದೆ.

ನಾಲ್ಕನೆಯ ಸಾಲಿನ ಮೇಲೆ ಜಗಳ ನಡೆದಿದೆ. ಒಂದೇ ವರ್ಷ ಕಂತು ಕಟ್ಟಿ ಬಿಟ್ಟವರಿಗೂ ಸರೆಂಡರ್ ಹಣ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಮಾಡಿದ ಹೊಸ ನಿಯಮವನ್ನು ವಾಪಸ್ ಪಡೆಯಿರಿ ಎಂದು ಯಾರೋ ಟೈಪು ಮಾಡಿಸಿದ್ದಾರೆ. ಈ ನಿಯಮ ಬಂದ ಮೇಲೆಯೇ ಕಮಿಷನ್ ಪಟ್ಟಿ ಬದಲಾಯಿತು ಎಂಬುದು ಇಲ್ಲಿ ಎಲ್ಲರ ಬಾಯಲ್ಲೂ ಇದೆ. ತಲೆನರೆತ ಹಿರಿಯ ಏಜೆಂಟರೊಬ್ಬರು ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕುತ್ತಾರೆ: "ಕಟ್ಟಿದೋರ ದುಡ್ಡು ಕಟ್ಟಿದೋರಿಗೆ ಸಿಗಬಾರದು ಅಂತ ನಾವು ಕೇಳೋದಾ? ನಾಳೆ ಅವರ ಮನೆ ಬಾಗಿಲಿಗೆ ಯಾವ ಮುಖ ಹೊತ್ಕೊಂಡು ಹೋಗೋದು?" ಅವರ ಮಾತೇ ಸರಿ. ನಿಯಮ ನ್ಯಾಯವಾದದ್ದು. ಅದರ ಭಾರವನ್ನು ಯಾರ ಹೆಗಲಿಗೆ ಹಾಕಿದರು ಎಂಬುದಷ್ಟೇ ಕೇಳಬೇಕಾದ ಪ್ರಶ್ನೆ.

ಪಿ.ಎ. ಕೈಸನ್ನೆ ಮಾಡುತ್ತಾನೆ. ಐದು ನಿಮಿಷ.

ಒಳಗೆ ಸಂಸದರು ಪತ್ರ ಓದಿ ತಲೆಯೆತ್ತಿ ಕೇಳುತ್ತಾರೆ: "ಇದರಲ್ಲಿ ನನ್ನ ಕೈಲಿ ಆಗೋದು ಯಾವುದು?"

ಕೋಣೆ ತಡವರಿಸುತ್ತದೆ. ಕಮಿಷನ್ ದರ ಸಂಸತ್ತಿನಲ್ಲಿ ತೀರ್ಮಾನವಾಗುವುದಲ್ಲ; 2023ರ ಏಪ್ರಿಲ್‌ನಿಂದ ಅದನ್ನು ಆಯಾ ಕಂಪನಿಯ ಆಡಳಿತ ಮಂಡಳಿಗೇ ಬಿಡಲಾಗಿದೆ. ಜಿಎಸ್‌ಟಿ ದರ ಜಿಎಸ್‌ಟಿ ಮಂಡಳಿಯ ಕೈಯಲ್ಲಿದೆ. ಸೆಪ್ಟೆಂಬರ್‌ನಲ್ಲಿ ಅದು ವಿಷಯವನ್ನು ರಾಜ್ಯಗಳ ಸಚಿವರ ಗುಂಪಿಗೆ ಒಪ್ಪಿಸಿದೆ, ನಮ್ಮ ಕಂದಾಯ ಸಚಿವ ಕೃಷ್ಣ ಬೈರೇಗೌಡರು ಅದರಲ್ಲಿದ್ದಾರೆ. ಹಾಗಾದರೆ ಇಲ್ಲಿಗೆ ಬಂದದ್ದು ದಂಡವೇ?

ಹಿರಿಯರು ಬ್ಯಾಗಿನಿಂದ ಪತ್ರಿಕೆಯ ತುಣುಕೊಂದನ್ನು ತೆಗೆದು ಮೇಜಿನ ಮೇಲೆ ಇಡುತ್ತಾರೆ. ನಾಗಪುರದ ಎಲ್‌ಐಸಿ ನೌಕರರ ಸಂಘ ಕೊಟ್ಟ ಮನವಿಯನ್ನು ಹಿಡಿದು ಕೇಂದ್ರ ಸಚಿವ ನಿತಿನ್ ಗಡ್ಕರಿ ಜುಲೈ 28ರಂದು ಹಣಕಾಸು ಸಚಿವರಿಗೆ ಪತ್ರ ಬರೆದಿದ್ದರು, ವಿಮೆಯ ಮೇಲಿನ ತೆರಿಗೆ ತೆಗೆಯಿರಿ ಎಂದು. ಆಗಸ್ಟ್ 6ರಂದು ವಿರೋಧ ಪಕ್ಷದ ಸಂಸದರು ಸಂಸತ್ತಿನ ಆವರಣದಲ್ಲಿ ಅದೇ ಬೇಡಿಕೆಯ ಫಲಕ ಹಿಡಿದು ನಿಂತರು. ಒಂದು ಊರಿನ ಸಂಘದ ಮನವಿ ಹತ್ತೇ ದಿನದೊಳಗೆ ಎರಡೂ ಕಡೆಯವರ ಬಾಯಲ್ಲಿತ್ತು. ಏಜೆಂಟರ ಗ್ರಾಚ್ಯುಟಿ ಮಿತಿಯೂ 2023ರಲ್ಲಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿತು, ಹಣಕಾಸು ಸಚಿವಾಲಯದ ಒಪ್ಪಿಗೆಯಿಂದ. "ಹಣಕಾಸು ಸಚಿವರು ರಾಜ್ಯಸಭೆಗೆ ಆರಿಸಿ ಹೋಗಿರೋದು ನಮ್ಮ ಕರ್ನಾಟಕದಿಂದಲೇ ಸರ್. ನೀವು ಬರೆದ ಪತ್ರ ಅವರ ಮೇಜಿಗೆ ಹೋಗಲಿ."

ಅಲ್ಲಿಯವರೆಗೆ ಸುಮ್ಮನಿದ್ದ ಮಹಿಳಾ ಏಜೆಂಟ್ ಈಗ ಬಾಯಿ ತೆರೆಯುತ್ತಾರೆ. ಅವರ ಪಾಲಿಸಿದಾರರು ಹೂ ಕಟ್ಟುವವರು, ಬೀಡಿ ಸುತ್ತುವವರು, ಬಾಡಿಗೆ ಆಟೋ ಓಡಿಸುವವರು. "ಮೊತ್ತ ಎರಡು ಲಕ್ಷ ಅಂದ್ರೆ ಕಂತೂ ಡಬಲ್ ಸರ್. ಅವರು ಸಣ್ಣ ಪಾಲಿಸಿ ಬಿಟ್ಟು ದೊಡ್ಡದು ತಗೊಳ್ಳಲ್ಲ, ಏನೂ ತಗೊಳ್ಳಲ್ಲ. ಐವತ್ತೆರಡು ವರ್ಷದ ಆಟೋದವನಿಗೆ ನಾನೇನು ಹೇಳ್ಲಿ?"

ಪಾಲಿಸಿಯಿಲ್ಲದ ಮನೆಯಲ್ಲಿ ದುಡಿಯುವವನು ತೀರಿಕೊಂಡಾಗ ಏನಾಗುತ್ತದೆಂದು ಈ ಹೆಂಗಸು ಕಣ್ಣಾರೆ ಕಂಡಿದ್ದಾರೆ. ಕಮಿಷನ್ನಿನ ಮಾತು ಇದರ ನಂತರ ಬರಬೇಕಿತ್ತು. ಸಂಸದರಿಗೂ ಹಾಗೇ ಅನ್ನಿಸಿರಬೇಕು. ಪತ್ರದಲ್ಲಿ ಮೂರರ ಅಂಕಿ ಹೊಡೆದು ಒಂದು ಎಂದು ಬರೆಯುತ್ತಾರೆ. ಹಣಕಾಸು ಸಚಿವರಿಗೆ ಪತ್ರ, ಲೋಕಸಭೆಯಲ್ಲಿ ನಿಯಮ 377ರ ಅಡಿ ಪ್ರಸ್ತಾಪಕ್ಕೆ ಒಂದು ಟಿಪ್ಪಣಿ. ಪಿ.ಎ. ಬರೆದುಕೊಳ್ಳುತ್ತಾನೆ.

ಮುಂದೆ 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಗಳ ಜಿಎಸ್‌ಟಿ ಪೂರ್ತಿ ಹೋಗಲಿದೆ. ಇವತ್ತು ಈ ಅಂಗಳದಲ್ಲಿ ಅದು ಯಾರಿಗೂ ಗೊತ್ತಿಲ್ಲ. ಗೇಟಿನ ಹೊರಗೆ ಸ್ಕೂಟರ್ ಒರಗಿಸಿಕೊಂಡು ಮುಂದಿನ ಕೆಲಸ ಹಂಚಿಕೊಳ್ಳುತ್ತಿದ್ದಾರೆ: ಕಂದಾಯ ಸಚಿವರನ್ನು ಕಾಣಲು ಬೆಂಗಳೂರಿಗೆ ಯಾರು ಹೋಗುವುದು, ಬಸ್ ಚಾರ್ಜಿಗೆ ತಲೆಗೆಷ್ಟು, ಆ ಹೆಂಗಸನ್ನು ಕರೆದೊಯ್ಯಲೇಬೇಕು ಎಂದು.