ಬೀಜದ ಬಂಡಿಗಳು ಸಾಗುವ ಸೀಮೆಯಲ್ಲಿ

ಬಸವಕಲ್ಯಾಣದ ದರ್ಶನಕ್ಕೆಂದು ಹೋಗುವ ನಮ್ಮ ಕುಟುಂಬಗಳವರು ಸಾಮಾನ್ಯವಾಗಿ ಬೀದರಿನ ಕೋಟೆ, ನಾನಕ್ ಝೀರಾಗಳನ್ನು ನೋಡಿಕೊಂಡು ಊರಿನ ದಾರಿ ಹಿಡಿಯುವುದುಂಟು. ಬೀದರಿನಿಂದ ತೆಂಕಣಕ್ಕೆ ಸುಮಾರು 30 ಕಿಲೋಮೀಟರು ಸಾಗಿದರೆ ತೆಲಂಗಾಣದ ಜಹೀರಾಬಾದು ಸಿಗುತ್ತದೆ. ವಿಕಾರಾಬಾದಿನ ರೈಲು ಹಿಡಿದವರಿಗೂ ಈ ಊರು ದಾರಿಯಲ್ಲೇ ಬರುತ್ತದೆ. ಇಲ್ಲಿ ನೋಡತಕ್ಕ ಗುಡಿ ಗೋಪುರಗಳು ಹೆಚ್ಚಿಲ್ಲ. ಆದರೆ ಸುತ್ತಲಿನ ಹಳ್ಳಿಗಳ ಹೊಲಗಳಲ್ಲಿ ಒಕ್ಕಲುತನದ ಹೆಣ್ಣುಮಕ್ಕಳು ನಾಲ್ಕು ದಶಕಗಳಿಂದ ಕಟ್ಟಿಕೊಂಡು ಬಂದಿರುವ ಬಾಳುವೆಯೊಂದಿದೆ. ಸಂಕ್ರಾಂತಿ ಕಳೆದ ದಿನಗಳಲ್ಲಿ ನಾವು ಆ ಸೀಮೆಯನ್ನು ಕಂಡು ಬಂದೆವು.

ಬೀದರಿನ ಜಂಬಿಟ್ಟಿಗೆ ಮಣ್ಣಿನ ದಿಬ್ಬಗಳು ಗಡಿ ದಾಟಿದರೂ ನಮ್ಮನ್ನು ಬಿಡುವುದಿಲ್ಲ. ಎಲ್ಲಿ ನೀರಿದೆಯೋ ಅಲ್ಲಿ ಕಬ್ಬು, ಶುಂಠಿ, ಆಲೂಗಡ್ಡೆ. ಉಳಿದ ಕಡೆ ಕೆಂಪು ನೆಲ, ಕಲ್ಲು, ನಡುನಡುವೆ ಎರೆಯ ಪಟ್ಟಿ. ಎರೆಯಲ್ಲಿ ಹಿಂಗಾರಿ ಜೋಳ ಎದೆಯೆತ್ತರ ನಿಂತಿತ್ತು. ಕಡಲೆಯ ಸಾಲುಗಳ ನಡುವೆ ಅಗಸಿಯ ನೀಲಿ ಹೂವು, ಹೊಲದ ಅಂಚಿಗೆ ಕುಸುಬೆಯ ಮುಳ್ಳು. ಮುಳ್ಳಿಗೆ ಅಂಜಿ ದನಗಳು ಒಳಗೆ ಬಾಯಿ ಹಾಕವು. ಹೀಗೆ ಎಣ್ಣೆಯ ಬೆಳೆಯೇ ಬೇಲಿಯೂ ಆಗಿದೆ. ನಮ್ಮ ಕಡೆ ಅಕ್ಕಡಿ ಕಾಳು ಎಂದು ಹಿರಿಯರು ಬಿತ್ತುತ್ತಿದ್ದ ಕ್ರಮ ಇಲ್ಲಿ ಇನ್ನೂ ಬದುಕಿದೆ. ಒಂದೇ ಹೊಲದಲ್ಲಿ ಹತ್ತು ಹನ್ನೆರಡು ಬಗೆಯ ಬೆಳೆಯನ್ನು ಕಾಣುವುದು ಇಲ್ಲಿ ಅಪರೂಪವಲ್ಲ.

ಇದು ಸುಖವಾಗಿ ಉಳಿದು ಬಂದ ಸಂಪ್ರದಾಯವೆಂದು ಯಾರೂ ತಿಳಿಯಬಾರದು. ಭೂಸುಧಾರಣೆಯ ಕಾಲದಲ್ಲಿ ಇಲ್ಲಿಯ ದಲಿತ ಕುಟುಂಬಗಳಿಗೆ ದೊರೆತ ಭೂಮಿಯಲ್ಲಿ ಬಹುಭಾಗ ಕಲ್ಲುನೆಲ. ಎತ್ತು ಇಲ್ಲ, ಗೊಬ್ಬರ ಇಲ್ಲ. ಹೊಲ ತಮ್ಮದೆಂಬ ಕಾಗದವಿದ್ದರೂ ನೆಲ ಬೀಳು ಬಿತ್ತು. 1983ರಲ್ಲಿ ಆಗಿನ ಆಂಧ್ರಪ್ರದೇಶ ಸರ್ಕಾರವು ಎರಡು ರೂಪಾಯಿಗೆ ಕಿಲೋ ಅಕ್ಕಿ ಕೊಡತೊಡಗಿತು. ಹಸಿದವರಿಗೆ ಅದು ಆಸರೆಯಾದದ್ದು ನಿಜ. ಆದರೆ ಅದೇ ಅಕ್ಕಿಯು ಜೋಳ, ನವಣೆ, ಸಾಮೆಗಳನ್ನು ತಾಟಿನಿಂದಲೂ ಹೊಲದಿಂದಲೂ ಹಿಂದಕ್ಕೆ ಸರಿಸಿತು. ತಾಟಿನಿಂದ ಹೋದ ಕಾಳು ಎರಡು ಮೂರು ವರ್ಷಗಳಲ್ಲಿ ಬೀಜದ ಗಡಿಗೆಯಿಂದಲೂ ಹೋಗುತ್ತದೆ. ಗಡಿಗೆ ಬರಿದಾದ ಮನೆಯ ಹೆಂಗಸಿಗೆ ಒಡೆಯರ ಹೊಲದ ಕೂಲಿಯ ಹೊರತು ಬೇರೆ ದಾರಿ ಇರಲಿಲ್ಲ.

ಅದೇ 1983ರಲ್ಲಿ ಪಿ.ವಿ. ಸತೀಶರು ಗೆಳೆಯರೊಡನೆ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆಯನ್ನು ಕಟ್ಟಿದರು. ಇವರು 1945ರಲ್ಲಿ ಮೈಸೂರಿನಲ್ಲಿ ಜನಿಸಿದ ಕನ್ನಡಿಗರು. ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದವರು. ಜಹೀರಾಬಾದಿಗೆ ಅಂಟಿಕೊಂಡಂತಿರುವ ಪಸ್ತಾಪುರವು ಅವರ ಕಾರ್ಯಕ್ಷೇತ್ರವಾಯಿತು. ಅವರು 2023ರ ಮಾರ್ಚಿಯಲ್ಲಿ ತೀರಿಕೊಂಡರು. ಕಾಳುಗಳನ್ನು ಕಾಯ್ದವರು ಹಳ್ಳಿಯ ಹೆಣ್ಣುಮಕ್ಕಳೆಂಬುದನ್ನು ಅವರು ಜಗತ್ತಿಗೆ ಸಾರುತ್ತಲೇ ಬಂದಿದ್ದರು. ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದ ಆ ವರ್ಷದಲ್ಲೇ ಅವರು ಅಗಲಿದ್ದು ವಿಧಿಯ ಆಟವೆನ್ನಬೇಕು.

ಹಳ್ಳಿಹಳ್ಳಿಯಲ್ಲಿ ಹೆಂಗಸರ ಸಂಘಗಳು ಹುಟ್ಟಿದವು. ದಿನದ ದುಡಿಮೆ ಮುಗಿಸಿ, ಅಡಿಗೆ ಮುಗಿಸಿ, ರಾತ್ರಿ ದೀಪದ ಬೆಳಕಿನಲ್ಲಿ ಕೂಡುತ್ತಿದ್ದ ಸಂಘಗಳಿವು. ನಮ್ಮ ಹಳ್ಳಿಗಳಲ್ಲಿ ಮುಯ್ಯಿ ಎಂಬ ಪದ್ಧತಿ ಇತ್ತು. ಇಂದು ನೀವು ನಮ್ಮ ಹೊಲಕ್ಕೆ ಬಂದರೆ ನಾಳೆ ನಾವು ನಿಮ್ಮ ಹೊಲಕ್ಕೆ. ಮುಯ್ಯಾಳಿಗೆ ಕೂಲಿಯಿಲ್ಲ, ಋಣವಿದೆ. ಸಂಘದ ಹೆಂಗಸರು ಬಿತ್ತಿ ಬೆಳೆಸಿದ್ದು ಈ ಮುಯ್ಯಿಯನ್ನೇ. ಒಬ್ಬಳಿಂದಾಗದ ಬೀಳು ನೆಲವನ್ನು ಹತ್ತು ಮಂದಿ ಸೇರಿ ಕಲ್ಲು ಆಯ್ದು, ಒಡ್ಡು ಹಾಕಿ, ತಿಪ್ಪೆಗೊಬ್ಬರ ಹೊತ್ತು ಹಸನು ಮಾಡಿದರು. ಕೆಲವೆಡೆ ಕೂಡಿಯೇ ಭೂಮಿಯನ್ನು ಗುತ್ತಿಗೆ ಹಿಡಿದರು. 1990ರ ದಶಕದ ನಡುವಿನಲ್ಲಿ ಬೀಳು ಉಳುಮೆಗೆ ಮುಂಗಡ ಪಡೆದವರು ಅದನ್ನು ಹಣದಲ್ಲಿ ತೀರಿಸದೆ ಜೋಳದ ರೂಪದಲ್ಲಿ ಸಂಘದ ಕಣಜಕ್ಕೆ ಅಳೆದರು. ಆ ಜೋಳವು ಊರಿನ ಬಡವರಿಗೆ ಮಳೆಗಾಲದ ಇಕ್ಕಟ್ಟಿನ ತಿಂಗಳುಗಳಲ್ಲಿ ಅಗ್ಗದ ಬೆಲೆಗೆ ಸಿಕ್ಕಿತು. ಯಾರು ಹೆಚ್ಚು ಬಡವರೆಂಬುದನ್ನು ಊರಿನವರೇ ಕೂಡಿ ಕುಳಿತು ಗೊತ್ತುಮಾಡಿದರು.

ಸಂಘದ ಬೀಜದ ಮನೆಯನ್ನು ನೋಡದೆ ಈ ಸೀಮೆಯ ಪ್ರವಾಸ ಪೂರ್ಣವಾಗದು. ಮಣ್ಣಿನ ಗಡಿಗೆಗಳು, ಸೆಗಣಿ ಬಳಿದ ಬಿದಿರ ಬುಟ್ಟಿಗಳು ಸಾಲಾಗಿ ಕುಳಿತಿರುತ್ತವೆ. ಒಳಗೆ ಬೂದಿ ಮತ್ತು ಬೇವಿನ ಎಲೆ ಬೆರೆಸಿದ ಕಾಳು, ಬಾಯಿಗೆ ಮಣ್ಣಿನ ಮುಚ್ಚಳ. ಬಿಳಿ ಜೋಳ, ಹಳದಿ ಜೋಳ, ನವಣೆ, ಸಾಮೆ, ಹಾರಕ, ಸಜ್ಜೆ, ತೊಗರಿ, ಅವರೆ, ಗುರೆಳ್ಳು, ಪುಂಡಿ ಎಂದು ಹತ್ತಾರು ತಳಿಗಳು. ಬಿತ್ತನೆಯ ಕಾಲಕ್ಕೆ ಬೀಜ ಕೊಂಡೊಯ್ದವಳು ಸುಗ್ಗಿಯಲ್ಲಿ ಕೊಂಡದ್ದಕ್ಕಿಂತ ಹೆಚ್ಚು ಅಳೆದು ಕೊಡಬೇಕೆಂಬುದು ಕಟ್ಟಳೆ. ಹೀಗೆ ಕೊಟ್ಟಷ್ಟೂ ಗಡಿಗೆ ತುಂಬುತ್ತದೆ. ಬೀಜದೊಡನೆ ಮಾತೂ ಹೋಗುತ್ತದೆ: ಯಾವ ತಳಿಗೆ ಯಾವ ನೆಲ, ಯಾವ ಮಳೆಗೆ ಬಿತ್ತಬೇಕು, ಕೊಯ್ಲಿಗೆ ಮುನ್ನ ಹೊಲದಲ್ಲಿ ನಿಂತ ತೆನೆಗಳಲ್ಲಿ ಯಾವುದನ್ನು ಬೀಜಕ್ಕೆ ಆರಿಸಬೇಕು. ಅಕ್ಷರ ಕಲಿಯದ ಅವ್ವಂದಿರು ಈ ಪಾಠದ ಗುರುಗಳು. ಸೊಸೆಯಂದಿರು ತೆನೆಯನ್ನು ಕೈಯಲ್ಲಿ ಹಿಡಿದೇ ಕಲಿಯಬೇಕು.

ನಾವು ಹೋದಾಗ ಹಳೆಯ ಬೆಳೆಗಳ ಜಾತ್ರೆಯ ಕಾಲ. ಪ್ರತಿವರ್ಷ ಸಂಕ್ರಾಂತಿಯ ಹೊತ್ತಿಗೆ ತೊಡಗಿ ಸುಮಾರು ಒಂದು ತಿಂಗಳು ನಡೆಯುವ ಈ ಜಾತ್ರೆಗೆ ಎರಡು ದಶಕಗಳಿಗೂ ಮೀರಿದ ಇತಿಹಾಸವಿದೆ. ಮಾವಿನ ತೋರಣ, ಚೆಂಡುಹೂವು ಕಟ್ಟಿದ ಎತ್ತಿನ ಬಂಡಿಗಳಲ್ಲಿ ಬೀಜದ ಬುಟ್ಟಿಗಳನ್ನು ಇಟ್ಟುಕೊಂಡು ಊರಿಂದೂರಿಗೆ ಹೋಗುತ್ತಾರೆ. ಮುಂದೆ ಹಾಡುವ ಹೆಂಗಸರು, ಹಿಂದೆ ಹುಡುಗರ ಹಿಂಡು. ಊರ ಬಾಗಿಲಲ್ಲಿ ಎತ್ತುಗಳಿಗೆ ಆರತಿ. ಬಳಿಕ ಮರದ ನೆರಳಿನಲ್ಲಿ ಸಭೆ. ಸಭೆಯಲ್ಲಿ ಭಾಷಣಕ್ಕಿಂತ ವಿಚಾರಣೆಯೇ ಹೆಚ್ಚು. ನಿಮ್ಮಲ್ಲಿ ಈ ಸಲ ಮಳೆ ಎಷ್ಟು? ನಾವು ಕೊಟ್ಟ ಸಾಮೆ ಬಂತೇ? ತೊಗರಿಗೆ ಹುಳು ಬಿದ್ದಾಗ ಏನು ಮಾಡಿದಿರಿ? ತೊಗರಿಯ ನಡುವೆ ನಿಲ್ಲಿಸಿದ ಜೋಳದ ಮೇಲೆ ಹಕ್ಕಿಗಳು ಕುಳಿತು ಹುಳುಗಳನ್ನು ಹೆಕ್ಕಿದುದನ್ನು ಒಬ್ಬಾಕೆ ಹೇಳಿದರೆ, ಮುಂದಿನ ಊರಿನಲ್ಲಿ ಮತ್ತೊಬ್ಬಾಕೆ ಅದನ್ನು ಹೇಳುತ್ತಾಳೆ. ಬಂಡಿಯ ಗಾಲಿಯೊಡನೆ ಅನುಭವವೂ ಉರುಳುತ್ತದೆ.

ಊಟಕ್ಕೆ ಕುಳಿತಾಗ ನಮ್ಮ ಪಕ್ಕದಲ್ಲಿ ಹಿರಿಯ ತಾಯಿಯೊಬ್ಬರಿದ್ದರು. ಗಡಿಸೀಮೆಯಾದ್ದರಿಂದ ಅವರ ತೆಲುಗಿನಲ್ಲಿ ಕನ್ನಡವೂ ಕಲೆತಿತ್ತು. “ಅವ್ವಾ, ಸಂಘದಿಂದ ನಿಮಗೆ ಬಂದದ್ದೇನು?” ಎಂದು ಕೇಳಿದೆವು. ಆ ತಾಯಿ ರೊಟ್ಟಿ ಮುರಿಯುತ್ತ, “ಮುಂಚೆ ನಾವು ದೊಡ್ಡ ಮನಿ ಬಾಗಿಲಾಗ ಸೆರಗು ಒಡ್ಡಿ ನಿಲ್ಲುತಿದ್ದಿವಿ ತಾಯಿ. ಈಗ ಆ ಮನಿಯವರೇ ಬೀಜ ಅದಾವೇನು ಅಂತ ನಮ್ಮ ಬಾಗಿಲಿಗೆ ಬರ್ತಾರ. ಇಲ್ಲ ಅನ್ನೋದಿಲ್ಲ, ಕೊಡ್ತೀವಿ” ಎಂದರು. ದನಿಯಲ್ಲಿ ಬೀಗುವ ಭಾವವಿರಲಿಲ್ಲ. ದೊಡ್ಡ ಮನೆಯ ಪರಂಪರೆಯಿಂದ ಬಂದ ನಮ್ಮಂಥವರು ಆ ಮಾತನ್ನು ತಲೆತಗ್ಗಿಸಿ ಕೇಳಬೇಕು. ಕೊಡುವ ಕೈ ಯಾವುದು, ಬೇಡುವ ಕೈ ಯಾವುದು ಎಂಬುದನ್ನು ಒಂದು ಹಿಡಿ ನವಣೆ ಬದಲಿಸಬಲ್ಲದು.

ಬಂಡಿ ವರ್ಷಕ್ಕೊಮ್ಮೆ, ಉಳಿದ ದಿನಗಳಲ್ಲಿ ಮಾತು ತಲುಪುವುದು ಹೇಗೆ? ಇದಕ್ಕೆಂದೇ ಮಾಚನೂರಿನಲ್ಲಿ ಸಂಘಂ ರೇಡಿಯೋ ಇದೆ. ರೇಡಿಯೋ ತಮ್ಮದಾಗಬೇಕೆಂದು ಈ ಹೆಂಗಸರು 1990ರ ದಶಕದಲ್ಲೇ ಸಿದ್ಧತೆ ನಡೆಸಿ, ಕಾರ್ಯಕ್ರಮಗಳನ್ನು ಕ್ಯಾಸೆಟ್ಟುಗಳಲ್ಲಿ ತುಂಬಿ ಸಂಘದ ಸಭೆಗಳಲ್ಲಿ ಕೇಳಿಸುತ್ತಿದ್ದರು. ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ರೇಡಿಯೋ ನಡೆಸಲು ಕೇಂದ್ರ ಸರ್ಕಾರ ಅವಕಾಶ ಕೊಟ್ಟದ್ದು 2006ರಲ್ಲಿ. ಇಲ್ಲಿಯ ಪ್ರಸಾರ ಆರಂಭವಾದದ್ದು 2008ರ ಅಕ್ಟೋಬರ್ 15ರಂದು. ನರಸಮ್ಮ ಎಂಬ ಒಂದೇ ಹೆಸರಿನ ಇಬ್ಬರು ದಲಿತ ಹೆಣ್ಣುಮಕ್ಕಳು ಇದನ್ನು ನಡೆಸಿ ಹೆಸರಾದರು. ಸಂಘದ ಬೇರೆ ಹೆಂಗಸರು ಕ್ಯಾಮೆರಾ ಹಿಡಿಯುವುದನ್ನು ಕಲಿತು ತಮ್ಮ ಹೊಲಗಳ ಚಿತ್ರಗಳನ್ನು ತಾವೇ ತೆಗೆದರು. 2019ರಲ್ಲಿ ಈ ಸಂಸ್ಥೆಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಸಂದಿತು.

ಇಂಥದು ಗಡಿಯಾಚೆಗೆ ಮಾತ್ರ ಸಾಧ್ಯವೆಂದು ಓದುಗರು ಭಾವಿಸಬೇಕಾಗಿಲ್ಲ. ನಮ್ಮ ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ತೀರ್ಥ ಗ್ರಾಮದಲ್ಲಿ 2018ರಲ್ಲಿ ಆರಂಭವಾದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘಕ್ಕೆ ಅದೇ ಈಕ್ವೇಟರ್ ಪ್ರಶಸ್ತಿಯು 2025ರಲ್ಲಿ ದೊರೆಯಿತು. ಆ ಸಂಘದವರು ಸಹಜ ಸಮೃದ್ಧ ಸಂಸ್ಥೆಯ ಒತ್ತಾಸೆಯೊಡನೆ ಬೀಜದ ಬ್ಯಾಂಕು ಕಟ್ಟಿ, ಸೌರಶಕ್ತಿಯಿಂದ ನಡೆಯುವ ಸಿರಿಧಾನ್ಯ ಸಂಸ್ಕರಣ ಘಟಕವನ್ನು ತಾವೇ ನಡೆಸುತ್ತ, ಸುಮಾರು 30 ಹಳ್ಳಿಗಳ ರೈತರನ್ನು ತಲುಪಿದ್ದಾರೆ. ಯಂತ್ರದ ಮಹತ್ವ ಒನಕೆ ಹಿಡಿದವರಿಗೆ ಗೊತ್ತು. ಸಾಮೆ, ಹಾರಕಗಳ ಹೊಟ್ಟು ತೆಗೆಯುವ ಶ್ರಮವೇ ಅವುಗಳನ್ನು ಅಡಿಗೆಮನೆಯಿಂದ ಹೊರಗಟ್ಟಿದ ಕಾರಣಗಳಲ್ಲೊಂದು. ಆ ಶ್ರಮ ಇಳಿದರೆ ಕಾಳು ತಾಟಿಗೆ ಬರುತ್ತದೆ. ತಾಟಿಗೆ ಬಂದ ಕಾಳು ಹೊಲಕ್ಕೂ ಮರಳುತ್ತದೆ.

ಇಷ್ಟಾದರೂ ಎಲ್ಲವೂ ನೆಟ್ಟಗಾಯಿತೆಂದು ಹೇಳಲಾಗದು. ಕಳೆ ತೆಗೆಯುವುದು, ಬೀಜ ಆರಿಸುವುದು, ಕಾಯ್ದಿಡುವುದು ಎಲ್ಲವೂ ಹೆಣ್ಣಿನ ಪಾಲಿನ ಕೆಲಸ. ಆದರೆ 2015–16ರ ಕೃಷಿ ಗಣತಿಯಂತೆ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಹೆಂಗಸರವು ಸುಮಾರು ನೂರಕ್ಕೆ 14 ಮಾತ್ರ. ಹೊಲ ಹೆಸರಿನಲ್ಲಿಲ್ಲದವಳಿಗೆ ಬ್ಯಾಂಕಿನ ಸಾಲವೂ ಬೆಳೆಹಾನಿಯ ಪರಿಹಾರವೂ ಸುಲಭವಾಗಿ ಕೈಸೇರವು. ಜಹೀರಾಬಾದಿನ ಸುತ್ತ ಕಾರ್ಖಾನೆಗಳು ಬಂದಿವೆ; ಓದಿದ ಹೆಣ್ಣುಮಕ್ಕಳು ಪೇಟೆಯತ್ತ ನೋಡುತ್ತಾರೆ. ಅವರನ್ನು ತಪ್ಪೆನ್ನುವ ಅಧಿಕಾರ ನಮಗಾರಿಗೂ ಇಲ್ಲ. ಆದರೆ ಗಡಿಗೆಯಲ್ಲಿಟ್ಟ ಬೀಜವನ್ನು ವರ್ಷವರ್ಷ ಬಿತ್ತದಿದ್ದರೆ ಕ್ರಮೇಣ ಅದರ ಮೊಳೆಯುವ ಶಕ್ತಿ ಕುಂದುತ್ತದೆ. ಅವ್ವಂದಿರ ತಿಳಿವಿಗೂ ಇದೇ ನಿಯಮ. ಕೇಳುವ ಕಿವಿ ಮುಂದೆ ಕುಳಿತಿರಬೇಕು. ಇಲ್ಲವಾದರೆ ಒಬ್ಬ ಹಿರಿಯಳೊಡನೆ ಒಂದು ತಳಿಯೇ ಮಣ್ಣಾಗುತ್ತದೆ.

ಎಳ್ಳಮಾವಾಸ್ಯೆಯಂದು ನಮ್ಮ ಮನೆಗಳಲ್ಲಿ ಇಂದಿಗೂ ಸಜ್ಜೆಯ ರೊಟ್ಟಿ ತಟ್ಟಿ, ಬೀದರ ಕಲಬುರಗಿಗಳ ಕಡೆ ಹಲವು ಕಾಳು ಸೊಪ್ಪುಗಳ ಭಜ್ಜಿ ಮಾಡಿ, ಬುತ್ತಿ ಹೊತ್ತು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಆ ಭಜ್ಜಿಯ ಕಾಳುಗಳಲ್ಲಿ ನಮ್ಮ ಹೊಲದವು ಎಷ್ಟು, ಅಂಗಡಿಯವು ಎಷ್ಟು ಎಂಬುದನ್ನು ಈ ವರ್ಷ ಎಣಿಸಿ ನೋಡೋಣ. ಮನೆಯ ಅಜ್ಜಿಯನ್ನು ಕೂರಿಸಿಕೊಂಡು, ಅವರು ಕಂಡ ಬೀಜಗಳ ಹೆಸರುಗಳನ್ನು ಮೊಮ್ಮಕ್ಕಳು ಬರೆದುಕೊಳ್ಳಲಿ. ಹೊಲದ ಒಂದು ಮೂಲೆಯನ್ನಾದರೂ ಅಕ್ಕಡಿಗೆ ಬಿಡಿ. ಬೆಳೆದ ಬೀಜವನ್ನು ನೆರೆಮನೆಯಾಕೆಗೆ ಕೊಡಿ. ಮಗಳನ್ನು ಕಳಿಸುವಾಗ ಅಕ್ಕಿಯಿಂದ ಉಡಿ ತುಂಬುವ ನಾವು, ಅದರೊಡನೆ ಒಂದು ಹಿಡಿ ಬೀಜವನ್ನೂ ಇಡಬಹುದು. ಸಾಧ್ಯವಿದ್ದವರು ಹೊಲದ ಕಾಗದದಲ್ಲಿ ಆಕೆಯ ಹೆಸರನ್ನೂ ಬರೆಸಲಿ. ಮುಂದಿನ ಸಂಕ್ರಾಂತಿಗೆ ಕಲ್ಯಾಣದ ಕಡೆ ಹೊರಟವರು ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಹೋಗಬೇಕೆಂದು ನಮ್ಮ ವಿನಂತಿ. ಹೋಗುವಾಗ ನಿಮ್ಮೂರ ಜೋಳದ ಬೀಜ ನಾಲ್ಕು ಹಿಡಿ ಜೊತೆಗಿರಲಿ; ಬರಿಗೈಯಲ್ಲಿ ಮಾತ್ರ ಅವರು ನಿಮ್ಮನ್ನು ಕಳಿಸುವುದಿಲ್ಲ.