ಗೆದ್ದವರ ಸೌಹಾರ್ದ

ಗೋಕಾವಿ, ಮೂಡಲಗಿ, ಹುಕ್ಕೇರಿಗಳ ಸೀಮೆಯಲ್ಲಿ ಜಾತ್ರೆಯೆಂದರೆ ಕುಸ್ತಿಯೂ ನೆನಪಾಗುವದು. ಕಣದ ಮಣ್ಣನ್ನು ಹಣೆಗೆ ಮುಟ್ಟಿಸಿಕೊಂಡು ಇಳಿಯುವ ಪೈಲವಾನರಲ್ಲಿ ಹಿಂದೂಗಳೂ ಉಂಟು, ಮುಸಲ್ಮಾನರೂ ಉಂಟು. ಸುತ್ತ ನೆರೆದ ಜನರು ಪಟ್ಟುಗಳನ್ನು ನೋಡುವರಲ್ಲದೆ ಮತವನ್ನು ಕೇಳರು. ಇದೇ ಬೆಳಗಾವಿ ಜಿಲ್ಹೆಯ ಸವದತ್ತಿ ತಾಲೂಕಿನ ಹಿರೇಬಿದನೂರಿನಲ್ಲಿ ಮುಸಲ್ಮಾನರ ಮನೆ ಒಂದೂ ಇಲ್ಲದೆ ಹಿಂದೂಗಳೇ ಮೊಹರಮ್ ಆಚರಿಸುವ ಸಂಗತಿಯು 2022ರಲ್ಲಿ ದೂರದೂರದ ಪತ್ರಿಕೆಗಳಲ್ಲಿಯೂ ಬಂದಿತು. ಇಂಥ ಸೀಮೆಯ ಗೃಹಸ್ಥನು ಆಟದ ಕಥೆಯಿಂದ ಮತಸೌಹಾರ್ದವನ್ನು ಬೋಧಿಸುವ ಚಿತ್ರಪಟವನ್ನು ನೋಡಲು ಕುಳಿತರೆ, ತನ್ನ ಊರನ್ನೇ ಅದರಲ್ಲಿ ಕಾಣಲು ಬಯಸುವದು ಸಹಜವು.

2024ರ ಫೆಬ್ರುವರಿ 9ರಂದು ತೆರೆಗೆ ಬಂದ ತಮಿಳಿನ 'ಲಾಲ್ ಸಲಾಂ' ಅಂಥದೊಂದು ಚಿತ್ರ. ಐಶ್ವರ್ಯಾ ರಜನಿಕಾಂತರು ಇದರ ನಿರ್ದೇಶಕಿ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಅವರ ತಂದೆಯವರೇ ಇದರಲ್ಲಿ ಮೊಯ್ದೀನ್ ಭಾಯಿ. ತಿರು ಎಂಬ ಹಿಂದೂ ತರುಣನಿಗೂ ಭಾಯಿಯ ಮಗ ಶಂಸುದ್ದೀನನಿಗೂ ಇರುವ ಕ್ರಿಕೆಟ್ಟಿನ ಪೈಪೋಟಿಯು ಮತಕಲಹಕ್ಕೆ ತಿರುಗಿ, ಶಂಸುದ್ದೀನನು ಕೈಯನ್ನೇ ಕಳೆದುಕೊಳ್ಳುತ್ತಾನೆ. ಚಿತ್ರದ ಉದ್ದೇಶವು ನಿರ್ಮಲವಾದದ್ದು. ಆದರೆ ಉರಿ ಹಚ್ಚಿದವರು ರಾಜಕಾರಣಿಗಳು, ಆರಿಸುವವನು ಒಬ್ಬ ಮಹಾನುಭಾವ. ನಡುವಿನ ಊರ ಜನಕ್ಕೆ ಉಳಿದ ಹೊಣೆ ಯಾವದು? ಮುಸಲ್ಮಾನನು ಸಂತನಂತೆ ಕ್ಷಮಿಸಿದರೆ ಮಾತ್ರ ಊರು ನೆಮ್ಮದಿಯಾಗುವದಾದರೆ, ಸಂತನಲ್ಲದ ಸಾಮಾನ್ಯ ಮುಸಲ್ಮಾನನ ಗತಿಯೇನು?

ಈ ದೋಷವು ಇದೊಂದೇ ಚಿತ್ರದ್ದಲ್ಲ. 2001ರ 'ಲಗಾನ್'ದಲ್ಲಿ ಅಸ್ಪೃಶ್ಯನಾದ ಕಚರಾನನ್ನು ಊರವರು ಸೇರಿಸಿಕೊಳ್ಳುವದು ಅವನು ಎಸೆದ ಚೆಂಡು ತಿರುಗುವದರಿಂದ. 2007ರ 'ಚಕ್ ದೇ ಇಂಡಿಯಾ'ದ ಕಬೀರ ಖಾನನು ಪಾಕಿಸ್ತಾನದ ಎದುರು ಸೋತದ್ದಕ್ಕೆ ದೇಶದ್ರೋಹಿಯೆನಿಸಿಕೊಳ್ಳುತ್ತಾನೆ. ಅವನು ಕಲಿಸಿದ ಹೆಣ್ಣುಮಕ್ಕಳ ಹಾಕಿ ತಂಡವು ಜಗತ್ತನ್ನು ಗೆದ್ದ ಮೇಲೆಯೇ ಮಾನ ಮರಳುವದು. ಅಂಥ ಚಿತ್ರ ಮುಗಿದಾಗ ಮನೆಯಾಕೆಯು ಗಂಡನನ್ನು ಕೇಳುವ ಪ್ರಶ್ನೆ ಒಂದೇ: "ಅಲ್ರೀ, ಈ ಹುಡಿಗ್ಯಾರು ಸೋತು ಬಂದಿದ್ದರ?" ಚಿತ್ರದಲ್ಲಿ ಇದಕ್ಕೆ ಉತ್ತರವಿಲ್ಲ.

ಉತ್ತರವು ಚರಿತ್ರೆಯಲ್ಲಿದೆ, ಅಲ್ಲಿ ಗೆದ್ದವನಿಗೂ ಎಲ್ಲವೂ ದಕ್ಕಲಿಲ್ಲ. ಬೆಳಗಾವಿ, ಧಾರವಾಡಗಳು ಮುಂಬಯಿ ಇಲಾಖೆಗೆ ಸೇರಿದ್ದ ಕಾಲದಲ್ಲಿ ಮುಂಬಯಿಯಲ್ಲಿ ಹಿಂದೂ, ಮುಸ್ಲಿಮ್, ಪಾರ್ಸಿ, ಐರೋಪ್ಯ ಎಂದು ಮತ-ಜನಾಂಗಗಳ ಹೆಸರಿನಲ್ಲೇ ಕ್ರಿಕೆಟ್ ತಂಡಗಳು ಆಡುತ್ತಿದ್ದವು. 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ದಲಿತ ಬೌಲರ ಪಳವಣಕರ ಬಾಳೂ ಅವರು ಹಿಂದೂಗಳ ತಂಡಕ್ಕೆ ಜಯ ತಂದುಕೊಟ್ಟರು. 1911ರ ಇಂಗ್ಲೆಂಡ ಪ್ರವಾಸದಲ್ಲಿ ನೂರಕ್ಕೂ ಮಿಕ್ಕಿ ವಿಕೆಟ್ಟುಗಳನ್ನು ಪಡೆದರು. ಆದರೆ ಪುಣೆಯಲ್ಲಿ ಆಡುವಾಗ ಜೊತೆಯ ಆಟಗಾರರು ಒಳಗೆ ಚಹಾ ಕುಡಿದರೆ, ಅವರಿಗೆ ಹೊರಗೆ ಮಣ್ಣಿನ ಪಾತ್ರೆಯಲ್ಲಿ ಕೊಡುತ್ತಿದ್ದರು. ಅವರು ಎಸೆದ ಚೆಂಡು ಎಲ್ಲರಿಗೂ ಬೇಕಿತ್ತು, ಮುಟ್ಟಿದ ಬಟ್ಟಲು ಬೇಡವಾಗಿತ್ತು. ಹಿಂದೂ ತಂಡದ ನಾಯಕತ್ವವು ಅವರ ಮನೆತನಕ್ಕೆ ದೊರೆತದ್ದು 1923ರಲ್ಲಿ, ತಮ್ಮನಾದ ವಿಠಲರ ಪಾಲಿಗೆ.

ಹಾಗೆಂದು ಜಾತ್ರೆಯ ಕಣವನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಕುಸ್ತಿಯಲ್ಲಿ ಯಾರ ಬೆನ್ನೂ ಮಣ್ಣಿಗೆ ತಾಗದಿದ್ದರೆ ಸಮಬಲವೆಂದು ಇಬ್ಬರ ಕೈಯನ್ನೂ ಎತ್ತಿ ಹಿಡಿಯುವ ರೂಢಿಯುಂಟು. ಅದು ಒಳ್ಳೆಯ ರೂಢಿ. ಆದರೆ ಅದೇ ಪೈಲವಾನನು ನಾಳೆ ಪೇಟೆಯಲ್ಲಿ ಬಾಡಿಗೆಯ ಮನೆ ಹುಡುಕಿದರೆ, ಮೊದಲು ಅವನ ಹೆಸರನ್ನೂ ಆಮೇಲೆ ಮತವನ್ನೂ ವಿಚಾರಿಸುವ ಮನೆಗಳಿವೆ. ಕಣದಲ್ಲಿ ಚಪ್ಪಾಳೆ ತಟ್ಟಿದ ಕೈಗಳೇ ಅಲ್ಲಿ ಬಾಗಿಲನ್ನು ಮುಚ್ಚುವವು.

ಮುಂದೆ ಇಂಥ ಚಿತ್ರವನ್ನು ತೆಗೆಯುವವರು ಪಂದ್ಯ ಮುಗಿದ ಮರುದಿನದಿಂದ ಕಥೆಯನ್ನು ಆರಂಭಿಸಬಹುದು. ಕೈ ಕಳೆದುಕೊಂಡ ಶಂಸುದ್ದೀನನು ಇನ್ನು ಯಾವ ಪಂದ್ಯವನ್ನೂ ಗೆಲ್ಲಲಾರನು. ಅವನಿಗೆ ಕೆಲಸ ಕೊಡುವವರಾರು, ನೆರೆಯಲ್ಲಿ ಮನೆ ಕೊಡುವವರಾರು ಎಂಬಲ್ಲಿಯೇ ಆ ಊರಿನ ಸೌಹಾರ್ದದ ಪರೀಕ್ಷೆಯಾಗುವದು.