ಒಂದು ಹಲ್ಲು ಕೆಳಗೆ

ಗುಂಡ್ಲುಪೇಟೆಯಿಂದ ಬಂಡೀಪುರಕ್ಕೆ ಕೆಲಸಕ್ಕೆ ಹೋಗುವುದು ಯಜಮಾನರ ಹಳೇ ಬೈಕಿನಲ್ಲಿ. ಗೇರ್ ಪೆಡಲ್ ಅವರ ಬೂಟಿಗೆ ಹೊಂದಿಸಿದ್ದು. ನನ್ನ ಚಪ್ಪಲಿ ಕಾಲಿಗೆ ಎತ್ತರ. ಗೇರ್ ಇಳಿಸಲು ಫುಟ್‌ರೆಸ್ಟಿನಿಂದ ಪಾದವನ್ನೇ ಎತ್ತಬೇಕು. ಪಾದದ ಗಂಟು ನೋಯುತ್ತಿತ್ತು, ವಯಸ್ಸಾಯಿತೆಂದು ಸುಮ್ಮನಿದ್ದೆ. (ನಮ್ಮ ನೋವಿಗೆಲ್ಲ ವಯಸ್ಸೇ ತಾನೇ ಕಾರಣ!)

2009ರಿಂದ ರಾತ್ರಿ 9ಕ್ಕೆ ಮುಚ್ಚುವ ರಸ್ತೆಯದು. ಹಗಲಲ್ಲೂ ಕಾಡಿನಲ್ಲಿ ನಿಲ್ಲುವಂತಿಲ್ಲ. ಮೊನ್ನೆ ತಿರುವಿನಲ್ಲಿ ಆನೆ! ಬ್ರೇಕ್ ಒತ್ತಿದೆ, ಪೆಡಲ್ ಕಾಲಿಗೆ ಸಿಗಲಿಲ್ಲ, ಮೂರನೇ ಗೇರಿನಲ್ಲೇ ಎಂಜಿನ್ ನಿಂತಿತು. ಆನೆ ತನ್ನ ಪಾಡಿಗೆ ದಾಟಿತು. ನನ್ನ ಕೈನಡುಕ ಮಾತ್ರ ಊರು ಸೇರುವವರೆಗೂ ಹೋಗಲಿಲ್ಲ.

ಮೆಕ್ಯಾನಿಕ್ ಹುಡುಗ ಬೋಲ್ಟ್ ಸಡಿಲಿಸಿ, ಪೆಡಲನ್ನು ಹಲ್ಲಿನ ಶಾಫ್ಟಿನಿಂದ ಎಳೆದು, ಒಂದೇ ಹಲ್ಲು ಕೆಳಗೆ ಕೂರಿಸಿ ಬಿಗಿದ. "ಕೂತ್ ನೋಡಿ ಅಕ್ಕಾ, ಬೆರಳು ಅಡಿಗೂ ಹೋಗ್ಬೇಕು." ಐದು ನಿಮಿಷದ ಕೆಲಸ, ಆರು ವರ್ಷ ಸಹಿಸಿದ್ದೆ.

ಭಾನುವಾರ ಯಜಮಾನರು ಬೈಕ್ ಹತ್ತಿ, "ಇದೇನೇ, ಗೇರ್ ಸರಿಯಾಗಿ ಸಿಗ್ತಾನೇ ಇಲ್ಲ?" ಎಂದರು. ನಾನು ಒಗ್ಗರಣೆಗೆ ಸಾಸಿವೆ ಹಾಕಿದೆ.